ಸಿರಿಂಜಿನೊಳಗಿನ ಗುಳ್ಳೆ

ಟ್ರಾನ್ಸ್‌ಫಾರ್ಮರ್ ಒಳಗೆ ಎಲ್ಲೋ ಪಾರ್ಶಿಯಲ್ ಡಿಸ್ಚಾರ್ಜ್ (ನಿರೋಧಕದ ಒಂದು ಭಾಗದಲ್ಲಷ್ಟೇ ಆಗುವ ಸಣ್ಣ ವಿದ್ಯುತ್ ಸೋರಿಕೆಯ ಕಿಡಿ) ಆಗುತ್ತಿದ್ದರೆ ಹೊರಗೆ ನಿಂತ ನಮಗೆ ಸಾಮಾನ್ಯವಾಗಿ ಏನೂ ಕಾಣದು. ಗೊತ್ತಾಗುವುದು ಒಳಗೆ ತುಂಬಿರುವ ಎಣ್ಣೆಗೆ. ಅದರ ಅಣುಗಳು ಒಡೆದು ಅನಿಲವಾಗಿ, ಮುಖ್ಯವಾಗಿ ಹೈಡ್ರೋಜನ್ ಆಗಿ, ಅದರಲ್ಲೇ ಕರಗುತ್ತವೆ. ಸಿರಿಂಜಿನಲ್ಲಿ ಎಣ್ಣೆಯ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಮಾಡುವ ಡಿಜಿಎ (ಕರಗಿದ ಅನಿಲಗಳ ವಿಶ್ಲೇಷಣೆ) ಪರೀಕ್ಷೆ ಅಳೆಯುವುದು ಅದನ್ನೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಗಾಳಿಗುಳ್ಳೆಯಿದ್ದ ಸಿರಿಂಜನ್ನು ಹಾಗೇ ಲ್ಯಾಬಿಗೆ ಕಳಿಸಿದ್ದೆ. ಹೈಡ್ರೋಜನ್ ಕಡಿಮೆ ಬಂತು, ನೆಮ್ಮದಿಯಾಯಿತು. ಸರಿಯಾಗಿ ತೆಗೆದ ಮುಂದಿನ ಸ್ಯಾಂಪಲ್‌ನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚಿತ್ತು. ಆ ನೆಮ್ಮದಿ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಕಾರಣ ಸರಳ. ಹೈಡ್ರೋಜನ್‌ಗೆ ಎಣ್ಣೆಯಲ್ಲಿ ನಿಲ್ಲುವುದೆಂದರೆ ಆಗದು, ಗಾಳಿ ಸಿಕ್ಕರೆ ಅದರೊಳಗೆ ನುಸುಳುತ್ತದೆ. 50 ಮಿ.ಲೀ. ಸಿರಿಂಜಿನಲ್ಲಿ 2 ಮಿ.ಲೀ. ಗುಳ್ಳೆ ಸೇರಿದರೆ ಸಮತೋಲಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಹೈಡ್ರೋಜನ್ ಗುಳ್ಳೆಯ ಪಾಲು. ಆರ್ಕ್, ಅಂದರೆ ಜೋರಾದ ವಿದ್ಯುತ್ ಕಿಡಿ, ಆದಾಗ ಹುಟ್ಟುವ ಅಸಿಟಲೀನ್ ಹಾಗಲ್ಲ, ಚೆನ್ನಾಗಿ ಕರಗುತ್ತದೆ, ಹೋಗುವುದು ನೂರಕ್ಕೆ ಮೂರರಷ್ಟು ಮಾತ್ರ. ದೊಡ್ಡ ಆರ್ಕ್ ಆಗಿದ್ದರೆ ಗುಳ್ಳೆಯಿದ್ದರೂ ಸಿಕ್ಕಿಬೀಳುತ್ತದೆ; ಮೊದಲೇ ಹಿಡಿಯಬೇಕಾದ ಪಾರ್ಶಿಯಲ್ ಡಿಸ್ಚಾರ್ಜ್ ಮಾತ್ರ ಅಡಗಿಕೊಳ್ಳುತ್ತದೆ.

ಸ್ಯಾಂಪಲ್ ತೆಗೆಯಲು ಕೆಲಸದ ಪರ್ಮಿಟ್ ಪಡೆದು, ಲೈವ್ ಭಾಗಗಳಿಂದ ಅಂತರ ಖಾತ್ರಿಯಾದ ಮೇಲೆ ಮೊದಲು ಒತ್ತಡ ನೋಡಿ. ಇದನ್ನು ಬಿಡಲೇಬೇಡಿ. ಪಾರದರ್ಶಕ ಟ್ಯೂಬಿನಲ್ಲಿ ಸ್ವಲ್ಪ ಎಣ್ಣೆ ತುಂಬಿ, ಟ್ಯಾಂಕಿನ ಸ್ಯಾಂಪಲ್ ವಾಲ್ವಿಗೆ ಸಿಕ್ಕಿಸಿ, ವಾಲ್ವನ್ನು ಕೂದಲೆಳೆಯಷ್ಟು ತೆರೆಯಿರಿ. ಟ್ಯೂಬಿನ ಎಣ್ಣೆ ನಿಮ್ಮ ಕಡೆ ಬಂದರೆ ಮುಂದುವರಿಯಿರಿ. ಟ್ಯಾಂಕಿನ ಕಡೆ ಸರಿದರೆ ತಕ್ಷಣ ಮುಚ್ಚಿ, ಟ್ರಾನ್ಸ್‌ಫಾರ್ಮರ್ ಆಫ್ ಆಗುವವರೆಗೆ ಸ್ಯಾಂಪಲ್ ಬೇಡ. ಒಳಗೆ ಎಳೆದುಕೊಂಡ ಗಾಳಿ ವೈಂಡಿಂಗ್ (ತಂತಿಯ ಸುರುಳಿ) ತಲುಪಿದರೆ ಅಲ್ಲಿ ವಿದ್ಯುತ್ ಹಾರಿ ಫ್ಲ್ಯಾಶ್‌ಓವರ್ ಆಗಬಹುದು. ಮಳೆ ಬರುತ್ತಿದ್ದರೂ ಕೆಲಸ ಮುಂದಕ್ಕೆ ಹಾಕಿ.

ವಾಲ್ವಿನ ಬಾಯಿ ಒರೆಸಿ, ಒಂದೆರಡು ಲೀಟರ್ ಎಣ್ಣೆ ಹರಿಯಬಿಡಿ. ವಾಲ್ವಿನಲ್ಲೇ ನಿಂತ ಎಣ್ಣೆ ಟ್ಯಾಂಕಿನ ಕಥೆ ಹೇಳುವುದಿಲ್ಲ. ಗಾಜಿನ ಸಿರಿಂಜನ್ನು ಮೂರು ದಾರಿಯ ಕಾಕ್ ಮೂಲಕ ಜೋಡಿಸಿ, ಒಮ್ಮೆ ತುಂಬಿ ಹೊರಚೆಲ್ಲಿ. ಪ್ಲಂಜರನ್ನು ಕೈಯಿಂದ ಎಳೆಯಬೇಡಿ, ಎಣ್ಣೆಯ ಒತ್ತಡವೇ ಅದನ್ನು ತಳ್ಳಲಿ. ಗುಳ್ಳೆ ಕಂಡರೆ ಸಿರಿಂಜನ್ನು ಮೇಲ್ಮುಖವಾಗಿ ಹಿಡಿದು ಎಲ್ಲವನ್ನೂ ಹೊರಹಾಕಿ ಮತ್ತೆ ತುಂಬಿ. ಕಾಕ್ ಮುಚ್ಚಿದ ಮೇಲೆ ತಾನಾಗಿ ಗುಳ್ಳೆ ಮೂಡಿದರೆ ಮುಟ್ಟಬೇಡಿ, ಅದು ಎಣ್ಣೆಯದೇ ಅನಿಲ. ಎಣ್ಣೆ ತಣಿದು ಕುಗ್ಗುವಾಗ ಪ್ಲಂಜರ್ ಸರಿಯಲು ಜಾಗ ಬೇಕು, ಅದನ್ನು ಟೇಪಿನಿಂದ ಬಿಗಿಯಬೇಡಿ. ಬೆಳಕು ತಾಗದ ಪೆಟ್ಟಿಗೆಯಲ್ಲಿಡಿ. ಚೀಟಿಯಲ್ಲಿ ದಿನಾಂಕ, ಯಾವ ವಾಲ್ವ್, ಎಣ್ಣೆಯ ಉಷ್ಣತೆ, ಲೋಡ್ ಬರೆಯಿರಿ.

ವರದಿ ಬಂದಾಗ ಹಳೆಯ ವರದಿಯ ಪಕ್ಕದಲ್ಲಿಟ್ಟು ಓದಿ. ನನಗೆ ಅಂಕಿಗಿಂತ ಅದು ಏರುವ ವೇಗ ಮುಖ್ಯ. ಹೈಡ್ರೋಜನ್ ಜೊತೆ ಸ್ವಲ್ಪ ಮೀಥೇನ್ ಏರುತ್ತಿದ್ದರೆ ಪಾರ್ಶಿಯಲ್ ಡಿಸ್ಚಾರ್ಜ್‌ನ ಅನುಮಾನ. ಎಥಿಲೀನ್ ಮುಂದಿದ್ದರೆ ಎಲ್ಲೋ ಲೋಹ ಕಾದಿದೆ. ಅಸಿಟಲೀನ್ ಕಂಡರೆ ಆರ್ಕ್ ಎಂದು ತೀರ್ಮಾನಿಸುವ ಮೊದಲು ಟ್ಯಾಪ್ ಚೇಂಜರ್ (ವೋಲ್ಟೇಜ್ ಹೊಂದಿಸುವ ಸ್ವಿಚ್) ಕೋಣೆಯಿಂದ ಎಣ್ಣೆ ಮುಖ್ಯ ಟ್ಯಾಂಕಿಗೆ ಸೋರುತ್ತಿದೆಯೇ ನೋಡಿ. ಅಲ್ಲಿ ಪ್ರತಿ ಟ್ಯಾಪ್ ಬದಲಾವಣೆಗೂ ಕಿಡಿ ಹಾರುವುದು ಸಹಜ. ಸೋರಿಕೆ ಇಲ್ಲವೆಂದಾದರೆ ಅವತ್ತೇ ಇನ್ನೊಂದು ಸಿರಿಂಜ್ ತುಂಬಿ ಕಳಿಸಿ, ಫಲಿತಾಂಶ ಬರುವ ಮೊದಲೇ ಲೋಡ್ ಬೇರೆಡೆಗೆ ಹೊರಳಿಸುವ ದಾರಿ ಸಿದ್ಧಮಾಡಿಕೊಳ್ಳಿ.