ಮೊದಲ ತುತ್ತಿಗೆ ತಂಬುಳಿ

ಶಿರಸಿ ಕಡೆಯ ಊಟದಲ್ಲಿ ಅನ್ನ ಬಡಿಸಿದ ಮೇಲೆ ಸಾರಿಗಿಂತ ಮುಂಚೆ ಸೊಪ್ಪು ಬೀಸಿ ಮಜ್ಜಿಗೆ ಬೆರೆಸಿದ ತಂಬುಳಿ ಬರುತ್ತದೆ. ನಾನು ಹುಟ್ಟಿದ್ದು ಘಟ್ಟದ ಕೆಳಗೆ, ಕುಮಟಾ ಹತ್ತಿರ. ಮದುವೆಯಾಗಿ ಬಂದಿದ್ದು ಘಟ್ಟದ ಮೇಲಿನ ಅಡಿಕೆ ತೋಟದ ಮನೆಗೆ. ಇಲ್ಲಿ ವರ್ಷವಿಡೀ ಒಂದಲ್ಲ ಒಂದು ಸೊಪ್ಪು ಒರಳಿಗೆ ಬೀಳುತ್ತಲೇ ಇರುತ್ತದೆ. ಅದನ್ನು ಯಾರೂ ಔಷಧಿ ಎನ್ನುವುದಿಲ್ಲ, "ಇವತ್ತೆಂತ ತಂಬ್ಳಿ?" ಎಂದಷ್ಟೇ ಕೇಳುತ್ತಾರೆ. ಗಿಡಮೂಲಿಕೆಯ ಬಗ್ಗೆ ನನಗೆ ಗೊತ್ತಿರುವುದು ಬಹುಪಾಲು ಈ ಅಡುಗೆಮನೆಯಿಂದಲೇ ಬಂದದ್ದು. ಅದೇ ಗಿಡಗಳು ಈಗ ಪುಡಿ, ಗುಳಿಗೆ, ಜ್ಯೂಸ್ ಬಾಟಲಿಗಳಾಗಿ ಅಂಗಡಿಯಲ್ಲಿ ಕೂತಿವೆ. ನನಗೆ ಅವು ಒಗ್ಗಿಲ್ಲ. ಆ ಕಾಲಕ್ಕೆ ಸಿಗುವ ಸೊಪ್ಪು, ಅನ್ನಕ್ಕೆ ಕಲಸಿಕೊಳ್ಳುವಷ್ಟು, ಮನೆಮಂದಿಯೆಲ್ಲ ಹಂಚಿಕೊಂಡು ತಿಂದರೆ ಸಾಕು ಎನ್ನುವವಳು ನಾನು.

ತಂಬುಳಿ ಮಾಡಲು ಎರಡು ದಾರಿ. ಒಂದೆಲಗದಂಥ ಮೆದು ಸೊಪ್ಪನ್ನು ಹಸಿಯಾಗಿಯೇ ಬೀಸುತ್ತೇನೆ. ದಂಟಿನ ಸಮೇತ ಒಂದು ಹಿಡಿ ಸೊಪ್ಪು, ಎರಡು ಚಮಚ ಕಾಯಿತುರಿ, ಚೂರು ಜೀರಿಗೆ, ಖಾರಕ್ಕೆ ಸೂಜಿಮೆಣಸು. ನುಣ್ಣಗೆ ಬೀಸಿ, ಹುಳಿಯಿಲ್ಲದ ಮಜ್ಜಿಗೆ ಸೇರಿಸಿ, ಉಪ್ಪು ಹಾಕಿ, ಮೇಲೊಂದು ತುಪ್ಪದ ಒಗ್ಗರಣೆ. ಕುದಿಸುವ ಮಾತೇ ಇಲ್ಲ. ದೊಡ್ಡಪತ್ರೆ, ಪೇರಳೆ ಕುಡಿ, ನೇರಳೆ ಕುಡಿ ಇಂಥವಕ್ಕೆ ಘಾಟು ಅಥವಾ ಒಗರು ಹೆಚ್ಚು. ಅವನ್ನು ಜೀರಿಗೆ, ಕಾಳುಮೆಣಸಿನ ಜತೆ ತುಪ್ಪದಲ್ಲಿ ಬಾಡಿಸಿಕೊಂಡು ಬೀಸಬೇಕು. ಹೊಟ್ಟೆ ಕೆಟ್ಟ ದಿನ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಹೊರಬರುತ್ತದೆ. ಅದನ್ನೂ ತುಪ್ಪದಲ್ಲಿ ಹುರಿದು, ಮೆಣಸಿನಕಾಯಿ ಮುಟ್ಟಿಸದೆ ತಂಬುಳಿ ಮಾಡುತ್ತೇನೆ. ಅದರ ಒಗರೇ ಕೆಲಸ ಮಾಡುವುದು. ಆದರೆ ಭೇದಿಯಲ್ಲಿ ಮೈಯ ನೀರು ಇಳಿಯುತ್ತದಲ್ಲ, ಅದನ್ನು ತುಂಬುವುದು ಗಂಜಿತಿಳಿಗೆ ಉಪ್ಪು ಹಾಕಿ ಕುಡಿಸಿದಾಗ, ಓಆರ್‌ಎಸ್ ಕೊಟ್ಟಾಗ. ತಂಬುಳಿಯೊಂದನ್ನೇ ನಂಬಿ ಕೂರಬಾರದು.

ಒಂದೆಲಗದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹಸಿಯಾಗಿ ತಿನ್ನುವ ಸೊಪ್ಪಾದ್ದರಿಂದ ಎಲ್ಲಿ ಕೊಯ್ದಿರಿ ಎನ್ನುವುದೇ ದೊಡ್ಡ ಪ್ರಶ್ನೆ. ನಮ್ಮ ತೋಟಗಳಲ್ಲಿ ಅದು ಕಾಲುವೆಯ ಅಂಚಿಗೆ ತಾನೇ ಹಬ್ಬಿಕೊಂಡಿರುತ್ತದೆ, ಬಗ್ಗಿದರೆ ಬುಟ್ಟಿ ತುಂಬುತ್ತದೆ. ಆದರೆ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆಂದು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವ ಕೆಲಸದವ, ಮೇಲೇರಿ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಅಡಿಕೆ ಗೊನೆಗೆ ತಾಗದೆ ಉಳಿದದ್ದೆಲ್ಲ ಕೆಳಗಿನ ಸೊಪ್ಪಿನ ಮೇಲೆ ನೀಲಿ ಚುಕ್ಕೆಯಾಗಿ ಇಳಿಯುತ್ತದೆ. ಅದು ತಾಮ್ರ, ನೀರಲ್ಲಿ ಎರಡು ಸಲ ಅದ್ದಿದರೆ ಹೋಗುವುದಲ್ಲ. ಎಲೆಗೆ ಅಂಟಿಕೊಳ್ಳಲಿ ಎಂದೇ ತಯಾರಿಸಿದ ಮದ್ದು. ಹಾಗಾಗಿ ತೋಟದ ಒಂದೆಲಗವನ್ನು ನಾನು ಅಡುಗೆಗೆ ತರುವುದೇ ಇಲ್ಲ. ಬಾವಿಕಟ್ಟೆಯ ಪಕ್ಕ, ಕೊಡದಿಂದ ಚೆಲ್ಲಿದ ನೀರು ಹರಿಯುವಲ್ಲಿ ಬೇರೆಯೇ ಪಾತಿ ಮಾಡಿಕೊಂಡಿದ್ದೇನೆ. ಸೋಪಿನ ನೀರು ಹೋಗುವ ಬಚ್ಚಲ ಹಿಂದೆ ಚೆನ್ನಾಗಿ ಬೆಳೆಯುತ್ತದೆ ನಿಜ, ಅದೂ ಬೇಡ. ಪಾತಿಗೆ ಹಾಕುವುದು ಚೆನ್ನಾಗಿ ಕಳಿತ ಗೊಬ್ಬರ ಮಾತ್ರ, ಹಸಿ ಸಗಣಿ ಹತ್ತಿರ ಸುಳಿಯಬಾರದು. ನೆರಳಿದ್ದರೆ ಎಲೆ ಅಗಲವಾಗಿ ಮೆತ್ತಗೆ ಬರುತ್ತದೆ. ಬಿಸಿಲಿಗೆ ಬಿದ್ದದ್ದು ಚಿಕ್ಕದು, ಕಹಿ ಜಾಸ್ತಿ. ಮಕ್ಕಳ ಬಾಯಿಗೆ ಹೋಗಬೇಕಾದರೆ ನೆರಳಿನದೇ ಸರಿ.

ಒಂದೆಲಗ ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಪರೀಕ್ಷೆ ದಿನಗಳಲ್ಲಿ ಮಕ್ಕಳಿಗೆ ಒತ್ತಾಯಿಸುವವರನ್ನು ಕಂಡಿದ್ದೇನೆ. ನಮ್ಮನೆ ಮಕ್ಕಳು ತಿಂದೇ ಬೆಳೆದರು, ಅಂಕ ಬಂದದ್ದು ಓದಿದಷ್ಟಕ್ಕೇ. ಬೇಸಿಗೆಯಲ್ಲಿ ಊಟ ಸೇರುತ್ತದೆ, ಹೊಟ್ಟೆ ತಂಪಾಗಿರುತ್ತದೆ, ಇಷ್ಟನ್ನು ಮಾತ್ರ ನಾನು ಧೈರ್ಯವಾಗಿ ಹೇಳಬಲ್ಲೆ.

ಹಿತ್ತಲಲ್ಲಿ ಸಿಗದ್ದು ಬೆಟ್ಟದಲ್ಲಿ ಸಿಗುತ್ತದೆ. ಬೆಟ್ಟ ಎಂದರೆ ಇಲ್ಲಿ ಗುಡ್ಡವಷ್ಟೇ ಅಲ್ಲ, ಅಡಿಕೆ ತೋಟಕ್ಕೆ ಸೊಪ್ಪು ತರಗೆಲೆಗೆಂದು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟ. ನೆಲ್ಲಿ, ಮುರುಗಲು (ಕೋಕಂ), ಉಪ್ಪಾಗೆ, ಕೊಡಸಿಗೆ ಎಲ್ಲ ಅಲ್ಲಿಯವು. ಬೇಸಿಗೆಯಲ್ಲಿ ಕೊಡಸಿಗೆ ಮರ ಬಿಳಿ ಹೂ ಬಿಟ್ಟಾಗ ಕೊಯ್ದು, ಒಣಗಿಸಿ, ಡಬ್ಬಿಗೆ ಹಾಕಿಡುತ್ತೇನೆ. ಮಳೆಗಾಲದಲ್ಲಿ ತುಪ್ಪದಲ್ಲಿ ಹುರಿದರೆ ಕಹಿಯ ಜತೆ ಒಂದು ಪರಿಮಳ ಏಳುತ್ತದೆ. ಹೊಟ್ಟೆನೋವು, ಆಮಶಂಕೆಗೆ ಆಯುರ್ವೇದದವರು ಬಳಸುವ ಕುಟಜ ಇದೇ ಮರ. ಅವರಿಗೆ ಬೇಕಾದದ್ದು ತೊಗಟೆ, ನಮಗೆ ಹೂ ಸಾಕು. ಅತ್ತೆ ಹೇಳುತ್ತಿದ್ದರು, "ಹೂ ಕೊಯ್ದ್ರೆ ಮರ ಇರ್ತು ತಂಗಿ, ಚಕ್ಕೆ ಕೆತ್ತಿದ್ರೆ ಮುಂದಿನ ವರ್ಷ ಎಂತ ಇರ್ತು?" ಬುಡದ ಸುತ್ತ ತೊಗಟೆ ಸುಲಿಸಿಕೊಂಡು ಒಣಗಿ ನಿಂತ ಮರಗಳನ್ನು ದಾರಿಯಲ್ಲಿ ನೋಡುವಾಗೆಲ್ಲ ಆ ಮಾತು ನೆನಪಾಗುತ್ತದೆ.

ಉಪ್ಪಾಗೆಯ ಕತೆ ಇನ್ನೂ ವಿಚಿತ್ರ. ಅದರ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ ಎಂದಿದ್ದ ಮರ. ಸಿಪ್ಪೆಯ ಸಾರದಿಂದ ತೂಕ ಇಳಿಯುತ್ತದೆ ಎಂಬ ಸುದ್ದಿ ವಿದೇಶದಲ್ಲಿ ಹಬ್ಬಿದ್ದೇ ತಡ ಸಿಪ್ಪೆಗೆ ಬೆಲೆ ಬಂತು. ಹಣ್ಣಾಗುವವರೆಗೂ ಕಾಯದೆ ಕಾಯಿಯನ್ನೇ ಉದುರಿಸುವವರು, ಟೊಂಗೆಯನ್ನೇ ಕಡಿಯುವವರು ಹುಟ್ಟಿಕೊಂಡರು. 1998ರಲ್ಲಿ ಅಮೆರಿಕದಲ್ಲಿ 12 ವಾರ ನಡೆದ ಪ್ರಯೋಗದಲ್ಲಿ ಉಪ್ಪಾಗೆ ಸಾರ ನುಂಗಿದವರಿಗೂ ಸತ್ವವಿಲ್ಲದ ಬರೀ ಗುಳಿಗೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾವಂತೂ ಅದನ್ನು ಹುಳಿಗೆ ಹಾಕಿಕೊಂಡು ಅನ್ನ ಇನ್ನೊಂದು ತುತ್ತು ಜಾಸ್ತಿಯೇ ಉಣ್ಣುತ್ತೇವೆ! ಮುರುಗಲು ಹಾಗಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವ ಮರ. ಏಪ್ರಿಲ್ ಮೇ ಹಣ್ಣಿನ ಶರಬತ್ತು, ಒಣಸಿಪ್ಪೆಯ ಸಾರು, ಬೀಜ ಕುದಿಸಿ ತೆಗೆದ ಮುರುಗಲು ತುಪ್ಪ. ಆ ತುಪ್ಪ ಗಟ್ಟಿಯಾಗಿ ಉಂಡೆ ಕಟ್ಟಿರುತ್ತದೆ, ಮೈಶಾಖಕ್ಕೆ ತುಸು ಕರಗುತ್ತದೆ. ಗದ್ದೆ ಕೆಸರಿಗೆ ಒಡೆದ ಹಿಮ್ಮಡಿಗೆ ರಾತ್ರಿ ತಿಕ್ಕಿ ಮಲಗಿದರೆ ನಾಲ್ಕಾರು ದಿನದಲ್ಲಿ ಗುಣ ಕಾಣುತ್ತದೆ.

ಕೆಮ್ಮಿಗೆ ಆಡುಸೋಗೆ. ಎಲೆಯನ್ನು ಬಾಳೆಲೆಯಲ್ಲಿ ಸುತ್ತಿ ಕೆಂಡದ ಮೇಲೆ ಬಾಡಿಸಿ ಹಿಂಡಿದರೆ ರಸ ಬಿಡುತ್ತದೆ, ಜೇನು ಬೆರೆಸಿ ಒಂದು ಚಮಚ. ಇದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಮಾತ್ರೆ ಹುಟ್ಟಿದ್ದು. ಅಷ್ಟು ಗಟ್ಟಿ ಗಿಡವಾದ್ದರಿಂದಲೇ ಬಸುರಿಯರಿಗೆ ಕೊಡುವುದಿಲ್ಲ, ಗರ್ಭಕೋಶವನ್ನು ಹಿಂಡುವ ಗುಣ ಅದಕ್ಕಿದೆ. ವರ್ಷ ತುಂಬದ ಕೂಸಿಗೆ ಯಾವ ರಸವಾಗಲಿ, ಜೇನು ಬೆರೆಸಿ ನೆಕ್ಕಿಸಲೇಬಾರದು.

ದಿನನಿತ್ಯದ್ದು ಎಂದರೆ ಕಷಾಯ. ಮನೆಗೆ ಬಂದವರನ್ನು "ಆಸರಿಗೆ (ಕುಡಿಯಲು) ಎಂತ ಮಾಡಲಿ?" ಎಂದು ಕೇಳಿದರೆ ಅರ್ಧ ಜನ ಹೇಳುವುದು ಅದನ್ನೇ. ಕೊತ್ತಂಬರಿ ಬೀಜ ಹೆಚ್ಚು, ಜೀರಿಗೆ ಅದರ ಅರ್ಧ, ಮೆಂತ್ಯ, ಕಾಳುಮೆಣಸು, ಒಣಶುಂಠಿ, ಏಲಕ್ಕಿ ಸ್ವಲ್ಪ ಸ್ವಲ್ಪ. ಬೆಚ್ಚಗೆ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿ ಕುದಿಸಿ, ಹಾಲು ಸೇರಿಸುವುದು. ಮಜ್ಜಿಗೆಹುಲ್ಲಿನ ಎರಡು ಎಸಳು ಬಿದ್ದರೆ ಪರಿಮಳಕ್ಕೆ ಸಾಟಿಯಿಲ್ಲ.

ಅಮೃತಬಳ್ಳಿಗೆ ಕೋವಿಡ್ ಕಾಲದಲ್ಲಿ ಬಂದ ಮರ್ಯಾದೆ ನೋಡಿ ನನಗೆ ಗಾಬರಿಯೇ ಆಯಿತು. ಕಡಿದು ಟೊಂಗೆಗೆ ನೇತುಹಾಕಿದರೂ ಸಾಯದೆ ಬೇರು ಇಳಿಬಿಡುವ ಬಳ್ಳಿ ಅದು, ಗಟ್ಟಿ ಪ್ರಾಣ. ಜ್ವರ ಬಿಟ್ಟ ಮೇಲಿನ ಸುಸ್ತಿಗೆ ನಮ್ಮಲ್ಲಿ ಅಪರೂಪಕ್ಕೆ ಎರಡು ಮೂರು ದಿನ ಕಷಾಯ ಮಾಡುತ್ತಿದ್ದೆವು. ಆಗ ಎಲ್ಲರೂ ತಿಂಗಳುಗಟ್ಟಲೆ ಕುಡಿಯತೊಡಗಿದರು. 2021ರಲ್ಲಿ ಮುಂಬೈನ ವೈದ್ಯರು ಹೀಗೆ ಕುಡಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬಳಸಿರಬಹುದು ಎಂದಿತು. ಯಾರ ವಾದ ಗೆದ್ದರೂ ನಮ್ಮ ಅಡುಗೆಮನೆಗೆ ಒಂದು ವಿಷಯ ಖಚಿತವಾಯಿತು: ಬಳ್ಳಿಯ ಗುರುತು ಗೊತ್ತಿಲ್ಲದವರು ಕೊಯ್ಯಬಾರದು, ಗೊತ್ತಿದ್ದವರೂ ಅದನ್ನು ನಿತ್ಯದ ಕಾಫಿ ಮಾಡಿಕೊಳ್ಳಬಾರದು.

ಕಾಮಾಲೆಗೆ ನೆಲನೆಲ್ಲಿ ಕೊಡುವುದು ಊರೂರಲ್ಲಿ ಇದೆ. 1988ರಲ್ಲಿ ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ಮೇಲೆ ಅದರ ಪರಿಣಾಮ ಆಶಾದಾಯಕ ಎಂದು ಬರೆದಿದ್ದರು, ಆಮೇಲಿನ ಹಲವು ಪ್ರಯೋಗಗಳು ಅದನ್ನು ಎತ್ತಿಹಿಡಿಯಲಿಲ್ಲ. ಕಣ್ಣು ಹಳದಿಯಾದವರಿಗೆ ನಾನು ನೆಲನೆಲ್ಲಿ ಕಿತ್ತುಕೊಡುವುದಿಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಜ್ವರದ ವಿಷಯದಲ್ಲಂತೂ ನಮ್ಮ ಸೀಮೆಯವರು ಎರಡು ಪಟ್ಟು ಎಚ್ಚರವಿರಬೇಕು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆ ಜೀವ ತೆಗೆದಿದೆ. ಡಿಸೆಂಬರ್‌ನಿಂದ ಮೇ ತನಕ, ಬೆಟ್ಟಕ್ಕೆ ತರಗೆಲೆ ತರಲು ಹೋಗುವ ಕಾಲದಲ್ಲೇ ಅದನ್ನು ಹರಡುವ ಉಣ್ಣಿಯ ಕಾಟ. ಬೆಟ್ಟಕ್ಕೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಿರಾತಕಡ್ಡಿ ಕಷಾಯ ಕುದಿಸುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಬರುವ ಇಲಿಜ್ವರಕ್ಕೂ ಅದೇ ಮಾತು.

ಊರು ಬಿಟ್ಟವರು ಎಲ್ಲಿ ಬೆಳೆಸುವುದು ಎಂದು ಕೇಳುತ್ತಾರೆ. ಬೆಂಗಳೂರಿನ ಮಗಳ ಬಾಲ್ಕನಿಯಲ್ಲಿ ಅಗಲ ಟಬ್ಬಿಗೆ ತೂತು ಕೊರೆಯದೆ ಮಣ್ಣು ತುಂಬಿ ಒಂದೆಲಗ ನೆಟ್ಟಿದ್ದೇವೆ, ಸದಾ ಒದ್ದೆಯಿದ್ದರೆ ಅದಕ್ಕೆ ಖುಷಿ. ದೊಡ್ಡಪತ್ರೆಗೆ ಅದರ ತದ್ವಿರುದ್ಧ, ನೀರು ನಿಂತರೆ ಕೊಳೆಯುತ್ತದೆ. ಟೊಂಗೆ ಮುರಿದು ಚುಚ್ಚಿದರೆ ಸಾಕು, ಬದುಕಿಕೊಳ್ಳುತ್ತದೆ. ಮಜ್ಜಿಗೆಹುಲ್ಲಿಗೆ ದೊಡ್ಡ ಕುಂಡ, ಪೂರ್ತಿ ಬಿಸಿಲು. ಅಮೃತಬಳ್ಳಿಯೂ ಒಂದಿತ್ತು. ಗ್ರಿಲ್ ಹಿಡಿದು ಮೇಲಿನ ಮನೆಯವರ ಕಿಟಕಿಯೊಳಗೆ ಇಣುಕಿದ ಮೇಲೆ, ಕಿತ್ತು ಊರಿಗೇ ಕಳಿಸು ಎಂದಿದ್ದೇನೆ.