ಹಳೆ ಎಸ್‌ಎಲ್‌ಕೆಗೆ 17 ಇಂಚಿನ ಚಕ್ರ, ಹಿಂದೆ ಮಾತ್ರ ಸ್ಪೇಸರ್

ತುಮಕೂರಿನ ಟೈರ್ ಅಂಗಡಿಗಳಲ್ಲಿ 225/50 ಆರ್16 ಅಳತೆ (ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 50, ರಿಮ್ 16 ಇಂಚು) ಕೇಳಿ ನೋಡಿ. "ಬೆಂಗಳೂರಿಂದ ತರಿಸ್ಬೇಕು ಸಾರ್, ಯಾವಾಗ ಬರುತ್ತೋ ಗೊತ್ತಿಲ್ಲ" ಅಂತಾರೆ. ಪಕ್ಕದಲ್ಲೇ 205/55 ಆರ್16 ಮೇಲಿಂದ ಕೆಳಗಿನವರೆಗೆ ಜೋಡಿಸಿಟ್ಟಿರುತ್ತಾರೆ. ನನ್ನದು 2001ರ ಮರ್ಸಿಡಿಸ್ ಎಸ್‌ಎಲ್‌ಕೆ 200, ಅಂದರೆ ಆರ್170 ಮಾಡೆಲ್. ಕಂಪನಿಯಿಂದ ಬಂದಾಗಲೇ ಮುಂದೆ 205, ಹಿಂದೆ 225. ಹಿಂದಿನ ಚಕ್ರ ತಳ್ಳುವ ಗಾಡಿ ಆದ್ದರಿಂದ ಹಿಂದಿನ ಟೈರೇ ಬೇಗ ಸವೆಯುತ್ತೆ. ಹಿಂದಿನದೇ ಸಿಗುವುದಿಲ್ಲ. ಅಳತೆ ಬೇರೆ ಬೇರೆ ಇರುವುದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಸವೆತ ಸಮ ಮಾಡೋಣ ಅಂದರೆ ಅದೂ ಆಗಲ್ಲ. ನಾಲ್ಕಕ್ಕೂ ಒಂದೇ ಅಳತೆ ಮಾಡಬೇಕು ಅಂತ ನಾನು ಹೊರಟಿದ್ದು ಇದಕ್ಕೇ. ಚಂದ ಕಾಣಲಿ ಅನ್ನುವ ಆಸೆ ಇರಲೇ ಇಲ್ಲ ಅಂದರೆ ಅದೂ ಸುಳ್ಳು ಬಿಡಿ.

225/45 ಆರ್17 ಆರಿಸಿಕೊಂಡೆ. ಎಷ್ಟೋ ಸೆಡಾನ್ ಕಾರುಗಳಿಗೆ ಇದೇ ಅಳತೆ, ಆದ್ದರಿಂದ ಎಲ್ಲ ಕಡೆ ಸಿಗುತ್ತೆ. ಎತ್ತರವೂ ಹೊಂದುತ್ತೆ. ಹಳೆ ಟೈರಿನ ಒಟ್ಟು ವ್ಯಾಸ 632 ಮಿ.ಮೀ., ಹೊಸದು 634. ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ಗೊತ್ತಾಗಲ್ಲ. ಕಳೆದುಕೊಳ್ಳುವುದು ಟೈರಿನ ಪಕ್ಕದ ಗೋಡೆಯಲ್ಲಿ ಸುಮಾರು 11 ಮಿ.ಮೀ. ನಮ್ಮೂರ ಹಂಪುಗಳನ್ನು ನೋಡಿದರೆ ಅದೇನು ಕಮ್ಮಿ ಅಲ್ಲ. 18 ಇಂಚಿಗೆ ಹೋಗಿ ಅಂತ ಹೇಳಿದವರೂ ಇದ್ದರು. ಅವರು ಯಾರೂ ಕ್ಯಾತ್ಸಂದ್ರದಿಂದ ಈ ಕಡೆ ಗಾಡಿ ಓಡಿಸುವವರಲ್ಲ.

ಆಮೇಲೆ ರಿಮ್. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದೆ. ಅಲ್ಲಿ ಜಾಸ್ತಿ ಕಾಣುವುದು ಡಬ್ಲ್ಯೂ204 ಸಿ-ಕ್ಲಾಸ್‌ನಿಂದ ಬಿಚ್ಚಿದ ಒರಿಜಿನಲ್ ಅಲಾಯ್. ಐದು ಬೋಲ್ಟ್, ಪಿಸಿಡಿ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ) 112, ನಡುವಿನ ತೂತು 66.6 ಮಿ.ಮೀ. ಎಲ್ಲ ನನ್ನ ಗಾಡಿಯದೇ. "ಕಣ್ಣು ಮುಚ್ಚಿ ಕೂರುತ್ತೆ ಸಾರ್" ಅಂದ ಅಂಗಡಿ ಹುಡುಗ. ಕೂರುವುದೇನೋ ಕೂರುತ್ತೆ. ಆದರೆ ಆ ಸಿ-ಕ್ಲಾಸ್‌ನ ಬೋಲ್ಟು ಎಂ14, ಅಂದರೆ 14 ಮಿ.ಮೀ. ದಪ್ಪ, ನನ್ನ ಹಬ್‌ನದು (ಚಕ್ರವನ್ನು ಬಿಗಿಯುವ, ಅದರ ಜೊತೆ ತಿರುಗುವ ಭಾಗ) ಎಂ12. ಮರ್ಸಿಡಿಸ್ ಬೋಲ್ಟಿನ ತಲೆಯ ಕೆಳಭಾಗ ಕೋನ್ ಆಕಾರದಲ್ಲಿ ಇರಲ್ಲ, ಗುಂಡಗೆ ಇರುತ್ತೆ. ರಿಮ್‌ನಲ್ಲಿರುವ ಗುಳಿಯೂ ಅದಕ್ಕೆ ತಕ್ಕಂತೆ ಗುಂಡಗೆ. ಎಂ12 ಬೋಲ್ಟಿನ ಗುಂಡು ಚಿಕ್ಕದು, ಎಂ14ರದು ದೊಡ್ಡದು. ಚಿಕ್ಕ ಗುಂಡನ್ನು ದೊಡ್ಡ ಗುಳಿಯಲ್ಲಿ ಬಿಗಿದರೆ ಒಂದು ಸಣ್ಣ ಉಂಗುರದಷ್ಟು ಜಾಗ ಮಾತ್ರ ತಾಗುತ್ತೆ. ಬಿಗಿಯಾಯ್ತು ಅಂತ ರೆಂಚ್ ಹೇಳುತ್ತೆ, ನೂರು ಕಿಲೋಮೀಟರ್ ಓಡಿದ ಮೇಲೆ ಅಲ್ಯುಮಿನಿಯಂ ಅಮುಕಿಕೊಂಡು ಬೋಲ್ಟ್ ಸಡಿಲ. ಎಂ12 ದಾರ (ಬೋಲ್ಟಿನ ತಿರುಪು), ದೊಡ್ಡ ಗುಂಡು ಇರುವ ಬೋಲ್ಟ್ ಹೊರದೇಶದಿಂದ ತರಿಸಬಹುದು. ಒಂದು ಕಳೆದುಹೋದರೆ ತುಮಕೂರಿನಲ್ಲಿ ಏನು ಮಾಡಲಿ? ಅದನ್ನು ಕೈಬಿಟ್ಟೆ.

ಕೊನೆಗೆ ಸಿಕ್ಕಿದ್ದು ಅದರ ಹಿಂದಿನ ಡಬ್ಲ್ಯೂ203 ಸಿ-ಕ್ಲಾಸ್‌ನ ನಾಲ್ಕು ರಿಮ್. ಆ ಗಾಡಿಗೂ ಎಂ12 ಬೋಲ್ಟೇ. ಇಂಥ ರಿಮ್ ಕೊಳ್ಳುವಾಗ ಮುಂದಿನ ಹೊಳಪು ನೋಡಬೇಡಿ, ತಿರುಗಿಸಿ ಹಿಂಭಾಗ ನೋಡಿ. ಒರಿಜಿನಲ್ ಆದರೆ ಎ203 401 ಅಂತ ಶುರುವಾಗುವ ಪಾರ್ಟ್ ನಂಬರ್, ಅಗಲ, ಇಟಿ (ಅದೇನು ಅಂತ ಮುಂದೆ ಹೇಳುತ್ತೇನೆ) ಮೂರನ್ನೂ ಅಚ್ಚು ಹಾಕಿರುತ್ತಾರೆ. ನನ್ನದರಲ್ಲಿ 7½ಜೆ x 17 (ಅಗಲ ಏಳೂವರೆ ಇಂಚು, ವ್ಯಾಸ 17), ಇಟಿ37 ಅಂತಿತ್ತು. ದುಡ್ಡು ಕೊಡುವ ಮೊದಲು ನಾಲ್ಕನ್ನೂ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಹಾಕಿಸಿ ತಿರುಗಿಸಿದೆ. ಒಂದರ ಒಳ ಅಂಚು ಕುಣಿಯುತ್ತಿತ್ತು. ಬೆಸುಗೆ ಹಾಕಿ ಬಣ್ಣ ಹೊಡೆದಿದ್ದರು. ಅದನ್ನು ಬದಲಾಯಿಸಿ ಕೊಟ್ಟ ಮೇಲೇ ದುಡ್ಡು ಎಣಿಸಿದ್ದು.

ಈಗ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಸ್ಪೇಸರ್, ಅಂದರೆ ಹಬ್‌ಗೂ ರಿಮ್‌ಗೂ ನಡುವೆ ಇಡುವ ದಪ್ಪ ಬಿಲ್ಲೆ, ಬೇಕೋ ಬೇಡವೋ ಅಂತ ಹೇಳುವುದು ಈ ಲೆಕ್ಕವೇ. ಇಟಿ ಅಂದರೆ ಆಫ್‌ಸೆಟ್. ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖದವರೆಗೆ ಎಷ್ಟು ಮಿಲಿಮೀಟರ್ ಅನ್ನುವ ಲೆಕ್ಕ. ಈ ಸಂಖ್ಯೆ ಜಾಸ್ತಿಯಾದಷ್ಟೂ ಚಕ್ರ ಒಳಗೆ ಹೋಗುತ್ತೆ. ಅರ್ಧ ಅಗಲದಿಂದ ಇಟಿ ಕಳೆದರೆ ಹೊರ ಅಂಚು ಎಲ್ಲಿದೆ ಅಂತ ಗೊತ್ತಾಗುತ್ತೆ, ಕೂಡಿದರೆ ಒಳ ಅಂಚು.

ನನ್ನ ಗಾಡಿಯ ಹಿಂದಿನ ಹಳೆ ರಿಮ್ 8ಜೆ, ಇಟಿ30. ಎಂಟು ಇಂಚಿನ ಅರ್ಧ 101.6 ಮಿ.ಮೀ. ಅದರಲ್ಲಿ 30 ಹೋದರೆ ಹೊರ ಅಂಚು ಹಬ್‌ನಿಂದ 71.6 ಮಿ.ಮೀ. ಆಚೆ. ಹೊಸ ರಿಮ್ 7.5ಜೆ, ಇಟಿ37. ಅರ್ಧ 95.25, ಮೂವತ್ತೇಳು ಹೋದರೆ 58.25. ಅಂದರೆ ಹೊಸ ಚಕ್ರ ಹಾಗೇ ಹಾಕಿದರೆ ಹಿಂದೆ 13 ಮಿ.ಮೀ. ಒಳಕ್ಕೆ ಕೂರುತ್ತೆ. 12 ಮಿ.ಮೀ. ಸ್ಪೇಸರ್ ಹಾಕಿದರೆ ಹೊರ ಅಂಚು ಕಂಪನಿ ಇಟ್ಟ ಜಾಗಕ್ಕೇ ವಾಪಸ್ ಬರುತ್ತೆ, ಒಂದು ಮಿ.ಮೀ. ಒಳಗೇ. ಇಟಿ ಲೆಕ್ಕದಲ್ಲಿ ಅದು 25. ಕಂಪನಿಯ 30ಕ್ಕೆ ಹೋಲಿಸಿದರೆ ಚಕ್ರದ ನಡುಗೆರೆ ಹೊರಗೆ ಬಂದಿದ್ದು ಐದೇ ಮಿ.ಮೀ. ಸ್ಪೇಸರ್ ಹಾಕಿದರೆ ಬೇರಿಂಗ್ ಹೋಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಬೇರಿಂಗ್‌ಗೆ ಸ್ಪೇಸರ್ ಇದೆಯೋ ಇಲ್ಲವೋ ಗೊತ್ತಾಗಲ್ಲ ಕಣ್ರೀ, ಅದಕ್ಕೆ ಗೊತ್ತಾಗುವುದು ಭಾರ ಎಷ್ಟು ದೂರದಲ್ಲಿದೆ ಅನ್ನುವುದು ಮಾತ್ರ. ಇಟಿ25ರ ರಿಮ್ ಸ್ಪೇಸರ್ ಇಲ್ಲದೆ ಹಾಕಿದರೂ ಅಷ್ಟೇ ಭಾರ.

ಮುಂದೆ ಹಳೆಯದು 7ಜೆ, ಇಟಿ37. ಹೊಸದೂ ಇಟಿ37, ಅರ್ಧ ಇಂಚು ಅಗಲ ಜಾಸ್ತಿ. ಆ ಅರ್ಧ ಇಂಚು ಒಳಗೆ ಕಾಲು, ಹೊರಗೆ ಕಾಲು ಹಂಚಿಹೋಗುತ್ತೆ. ಸ್ಪೇಸರ್ ಬೇಕೇ ಇಲ್ಲ. ಈ ಗಾಡಿಗೆ ಕಂಪನಿಯೇ ಕೊಡುತ್ತಿದ್ದ 17 ಇಂಚಿನ ಸೆಟ್‌ನಲ್ಲೂ ಮುಂದಿನ ರಿಮ್ 7.5ಜೆ ಇಟಿ37, ಟೈರ್ 225/45. ಸರಿಸಮ ಕಾಣಲಿ ಅಂತ ಮುಂದೆಯೂ ಒಂದು ಬಿಲ್ಲೆ ತೂರಿಸುವವರಿದ್ದಾರೆ. ಮುಂದಿನ ಚಕ್ರ ಹೊರಗೆ ಹೋದಷ್ಟೂ ಗುಂಡಿಗೆ ಬಿದ್ದಾಗ, ಬ್ರೇಕ್ ಹಿಡಿದಾಗ ಸ್ಟೇರಿಂಗ್ ಕೈಯಿಂದ ಎಳೆಯುತ್ತೆ. ನನಗೆ ಬೇಡ.

ಸ್ಪೇಸರ್ ಎಲ್ಲಿಂದ? ಅಂತರಸನಹಳ್ಳಿ ಕಡೆ ಒಳ್ಳೆ ಲೇತ್ ಕೆಲಸದವರಿದ್ದಾರೆ. "ಅಲ್ಯುಮಿನಿಯಂ ರೌಂಡ್ ತಂದುಕೊಡಿ ಅಣ್ಣ, ಸಾಯಂಕಾಲಕ್ಕೆ ಕೊಡ್ತೀನಿ" ಅಂದರು ಒಬ್ಬರು. ಅವರ ಕೈಚಳಕದ ಮೇಲೆ ನನಗೆ ಅನುಮಾನ ಇಲ್ಲ. ಆ ರೌಂಡ್ ಯಾವ ದರ್ಜೆಯ ಅಲ್ಯುಮಿನಿಯಂ ಅಂತ ಮಾರುವವನಿಗೇ ಗೊತ್ತಿರಲ್ಲ, ಅದು ನನ್ನ ಅನುಮಾನ. ರೆಡಿ ಸ್ಪೇಸರೇ ತರಿಸಿದೆ. ತರಿಸುವಾಗ ಒಂದು ವಿಷಯದಲ್ಲಿ ರಾಜಿ ಇಲ್ಲ: ಹಬ್‌ಸೆಂಟ್ರಿಕ್ ಆಗಿರಬೇಕು. ಒಳಗಡೆ 66.6 ಮಿ.ಮೀ. ತೂತು ಹಬ್‌ನ ಅಂಚಿಗೆ ಬಿಗಿಯಾಗಿ ಕೂರಬೇಕು, ಹೊರಗಡೆ ಅದೇ 66.6ರ ಅಂಚು ಎದ್ದಿರಬೇಕು, ರಿಮ್ ಅದರ ಮೇಲೆ ಕೂರಬೇಕು. ಬರೀ ಚಪ್ಪಟೆ ಬಿಲ್ಲೆಯಾದರೆ ಚಕ್ರ ನಡುವಿಗೆ ಕೂತಿದೆಯೋ ಇಲ್ಲವೋ ಅನ್ನುವುದನ್ನು ಬೋಲ್ಟುಗಳೇ ನೋಡಿಕೊಳ್ಳಬೇಕು. ಎಂಬತ್ತು ದಾಟಿದರೆ ಗಾಡಿ ನಡುಗುವುದು ಆಗಲೇ.

ಬೋಲ್ಟ್ ಉದ್ದ ಸ್ಪೇಸರಿನಷ್ಟೇ ಜಾಸ್ತಿ ಇರಬೇಕು. 12 ಮಿ.ಮೀ. ಸ್ಪೇಸರಿಗೆ ಹಳೆಯದಕ್ಕಿಂತ 12 ಮಿ.ಮೀ. ಉದ್ದ. ಗಿಡ್ಡ ಆದರೆ ದಾರ ಸಾಲಲ್ಲ. ಈ ದಾರದಲ್ಲಿ ಒಂದು ಸುತ್ತಿಗೆ 1.5 ಮಿ.ಮೀ., ಎಂಟು ಸುತ್ತು ಹಿಡಿದರೆ 12 ಮಿ.ಮೀ., ಬೋಲ್ಟಿನ ದಪ್ಪದಷ್ಟೇ ಆಯ್ತು. ನಾನು ಕೈಯಲ್ಲೇ ತಿರುಗಿಸಿ ಎಣಿಸಿದೆ. ಉದ್ದ ಜಾಸ್ತಿಯಾದರೂ ತೊಂದರೆ, ಇದನ್ನು ಬಹಳ ಜನ ಯೋಚಿಸಲ್ಲ. ಈ ಗಾಡಿಯ ಹಿಂದಿನ ಡಿಸ್ಕ್ ಒಳಗೆ ಒಂದು ಪುಟ್ಟ ಡ್ರಮ್ ಇದೆ, ಹ್ಯಾಂಡ್‌ಬ್ರೇಕಿನ ಶೂ, ಸ್ಪ್ರಿಂಗ್ ಎಲ್ಲ ಅದರೊಳಗೇ. ಬೋಲ್ಟ್ ತುದಿ ಹಬ್ ದಾಟಿ ಒಳಗೆ ಇಣುಕಿದರೆ ನೇರವಾಗಿ ಅಲ್ಲಿಗೇ ಬಡಿಯುತ್ತೆ. ಐದನ್ನೂ ಬಿಗಿದ ಮೇಲೆ, ಜಾಕ್ ಮೇಲಿರುವಾಗಲೇ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ ಕಿವಿ ಕೊಟ್ಟು ಕೇಳಿ. ಟಿಕ್ ಟಿಕ್ ಅಂದರೆ ಅಲ್ಲೇ ನಿಲ್ಲಿಸಿ, ಬಿಚ್ಚಿ ಅಳೆಯಿರಿ.

ಹಾಕುವ ದಿನ ಹೆಚ್ಚು ಹೊತ್ತು ಹಿಡಿದಿದ್ದು ಹಬ್ ತಿಕ್ಕುವುದಕ್ಕೆ. ಇಪ್ಪತ್ತು ದಾಟಿದ ಗಾಡಿ, ಹಬ್ ಮುಖದ ಮೇಲೆ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಅದರ ಮೇಲೆ ಸ್ಪೇಸರ್ ಇಟ್ಟರೆ ಎಷ್ಟು ಬಿಗಿದರೂ ಓರೆ. ತಂತಿ ಬ್ರಷ್, ಆಮೇಲೆ ಎಮರಿ ಪೇಪರ್, ಬೆರಳಾಡಿಸಿದರೆ ಏನೂ ತಡೆಯಬಾರದು, ಅಲ್ಲಿವರೆಗೂ ತಿಕ್ಕಿದೆ. ಹಬ್ ಅಂಚಿಗೆ ತೆಳುವಾಗಿ ತಾಮ್ರದ ಗ್ರೀಸ್, ಇಲ್ಲದಿದ್ದರೆ ಅಲ್ಯುಮಿನಿಯಂ ಸ್ಪೇಸರ್ ಕಬ್ಬಿಣದ ಹಬ್‌ಗೆ ಅಂಟಿಕೊಂಡು ಮುಂದಿನ ಸಲ ಸುತ್ತಿಗೆ ಬೇಕಾಗುತ್ತೆ. ಬೋಲ್ಟಿನ ದಾರಕ್ಕೆ, ಗುಂಡಿಗೆ ಗ್ರೀಸ್ ಬೇಡ. ಗಾಡಿಯ ಟೂಲ್ ಕಿಟ್‌ನಲ್ಲಿ ಒಂದು ಉದ್ದನೆ ಪಿನ್ ಇರುತ್ತೆ. ಅದನ್ನು ಹಬ್‌ನ ಮೇಲಿನ ತೂತಿಗೆ ತಿರುಗಿಸಿ, ಸ್ಪೇಸರ್, ರಿಮ್ ಎರಡನ್ನೂ ಅದರ ಮೇಲೆ ಜಾರಿಸಿದರೆ ತೂತುಗಳು ತಾವಾಗೇ ಎದುರು ಬದುರು ಬರುತ್ತವೆ. ಬೋಲ್ಟ್ ಹಾಕುವ ಗಾಡಿಗೆ ಸ್ಪೇಸರ್ ಇಡುವಾಗ ಈ ಪಿನ್ ಇಲ್ಲದಿದ್ದರೆ ಮೂರು ಕೈ ಬೇಕು.

ಬಿಗಿ 110 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ, ಅಂದರೆ ಒಂದು ಬೋಲ್ಟ್ ಬಿಟ್ಟು ಒಂದು. ಟೈರ್ ಅಂಗಡಿಯವರ ಏರ್ ಗನ್ ಹತ್ತಿರ ಬಿಡಲಿಲ್ಲ. "ಗನ್ನಲ್ಲಿ ಒಂದು ನಿಮಿಷದ ಕೆಲಸ ಸಾರ್" ಅಂತ ಹುಡುಗ ಬೇಜಾರು ಮಾಡಿಕೊಂಡ. ಟಾರ್ಕ್ ರೆಂಚ್ ನನ್ನದೇ ಇತ್ತು, ಅವನ ಕೈಗೇ ಕೊಟ್ಟೆ. ಕಟ್ ಅಂತ ಶಬ್ದ ಬಂದಾಗ ಖುಷಿಯಾಗಿ ಉಳಿದದ್ದನ್ನೂ ಅವನೇ ಬಿಗಿದ. ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ನೋಡಿದೆ. ಹೊಸ ರಿಮ್‌ಗೂ ಸ್ಪೇಸರಿಗೂ ಇದು ಬಿಡಲೇಬಾರದ ಕೆಲಸ.

ಮಡ್‌ಗಾರ್ಡಿಗೆ ತಾಗುತ್ತಾ ಅಂತ ನೋಡಲು ಗಾರೆ ಕೆಲಸದವರ ತೂಕದ ಗುಂಡು ಬಳಸಿದೆ. ಮಡ್‌ಗಾರ್ಡ್ ಅಂಚಿನಿಂದ ದಾರ ಇಳಿಬಿಟ್ಟು, ದಾರಕ್ಕೂ ರಿಮ್‌ಗೂ ನಡುವಿನ ಅಂತರವನ್ನು ಹಳೆ ಚಕ್ರ ಬಿಚ್ಚುವ ಮೊದಲೇ ಅಳೆದು ಬರೆದಿಟ್ಟಿದ್ದೆ. ಹೊಸದರಲ್ಲೂ ಹೆಚ್ಚು ಕಮ್ಮಿ ಅಷ್ಟೇ ಬಂತು, ಕಾಗದದ ಲೆಕ್ಕ ಸರಿಯಾಗೇ ಇತ್ತು. ನಿಂತ ಗಾಡಿಯಲ್ಲಿ ಸರಿ ಇದ್ದರೆ ಸಾಲದಲ್ಲ, ಅದಕ್ಕೆ ಡಿಕ್ಕಿಗೆ ತೆಂಗಿನಕಾಯಿ ಮೂಟೆ ಹಾಕಿ, ಪಕ್ಕದಲ್ಲಿ ಭಾವನನ್ನು ಕೂರಿಸಿಕೊಂಡು ಹಂಪುಗಳ ಮೇಲೆ ಹೋದೆ. ನಮ್ಮ ಜಿಲ್ಲೆಯಲ್ಲಿ ಭಾರಕ್ಕೆ ಕಾಯಿಗೆ ಬರವೇ? ಎಲ್ಲೂ ತಾಗಲಿಲ್ಲ. ಮುಂದೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಒಳಗಿನ ಪ್ಲಾಸ್ಟಿಕ್ಕನ್ನೂ ನೋಡಿದೆ. ತಾಗುತ್ತಿದ್ದರೂ ಮಡ್‌ಗಾರ್ಡ್ ಅಂಚು ಬಗ್ಗಿಸಲು ಮಾತ್ರ ಬಿಡುತ್ತಿರಲಿಲ್ಲ. ಈ ಮಾಡೆಲ್ ತುಕ್ಕಿಗೆ ಹೆಸರುವಾಸಿ, ಬಗ್ಗಿಸಿದರೆ ಬಣ್ಣ ಬಿರಿದು ಅಲ್ಲಿಂದಲೇ ಶುರು.

ಓಡಿಸುವುದು ಬದಲಾಗಿದೆ. ಹಿಂದೆ ಅಗಲ, ಮುಂದೆ ಸಣ್ಣ ಟೈರ್ ಇಟ್ಟರೆ ವೇಗದ ತಿರುವಿನಲ್ಲಿ ಮೊದಲು ಜಾರುವುದು ಗಾಡಿಯ ಮೂತಿ. ಸಾಮಾನ್ಯ ಚಾಲಕನಿಗೆ ಅದು ಕ್ಷೇಮ. ಈಗ ನಾಲ್ಕೂ ಒಂದೇ. ದೇವರಾಯನದುರ್ಗದ ಘಾಟಿಯಲ್ಲಿ ಮೂತಿ ಮೊದಲಿಗಿಂತ ಚುರುಕಾಗಿ ತಿರುಗುತ್ತೆ. ನನಗಂತೂ ಬಹಳ ಹಿಡಿಸಿತು. ಮಳೆಯಲ್ಲಿ ಅದೇ ತಿರುವಿಗೆ ಹಿಂದಿನ ಹಿಡಿತದ ಬಗ್ಗೆ ಮೊದಲಿಗಿಂತ ಎಚ್ಚರ ಬೇಕು. ಗುಂಡಿಗಳ ಹೊಡೆತವೂ ಸ್ವಲ್ಪ ಜಾಸ್ತಿ ಗೊತ್ತಾಗುತ್ತೆ, ಅದನ್ನು ಮುಚ್ಚಿಡಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸೋ ಇಚ್ಛೆ ಬದಲಾಯಿಸಬಾರದು ಅನ್ನುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಟೈರ್ ಮಡ್‌ಗಾರ್ಡ್‌ನಿಂದ ಆಚೆ ಬಂದರೆ ರಸ್ತೆಯಲ್ಲಿ ಹಿಡಿಯುತ್ತಾರೆ, ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ನನ್ನದು ಒಳಗೇ ಇದೆ. ಆದರೂ ಬದಲಾಯಿಸಿದ್ದನ್ನು ಪಾಲಿಸಿ ಮಾಡಿಸುವಾಗ ಬರೆದು ತಿಳಿಸಿದ್ದೇನೆ.

ಇನ್ನೊಂದು, ಸ್ಟೆಪ್ನಿ. ಹಿಂದಿನ ಚಕ್ರ ಪಂಕ್ಚರ್ ಆದರೆ ಸ್ಪೇಸರ್ ತೆಗೆದು ಸ್ಟೆಪ್ನಿಯನ್ನು ಅದಕ್ಕೆ ಸರಿಯಾದ ಗಿಡ್ಡ ಬೋಲ್ಟಿನಲ್ಲೇ ಹಾಕಬೇಕು. ಉದ್ದನೆ ಬೋಲ್ಟ್ ಹಾಕಿದರೆ ಹ್ಯಾಂಡ್‌ಬ್ರೇಕಿನ ಕಥೆ ಮುಗಿಯಿತು. ಐದು ಗಿಡ್ಡ ಬೋಲ್ಟ್, ಆ ಪಿನ್, ರೆಂಚ್ ಮೂರನ್ನೂ ಒಂದು ಚೀಲದಲ್ಲಿ ಸ್ಟೆಪ್ನಿ ಜೊತೆಗೇ ಕಟ್ಟಿಟ್ಟಿದ್ದೇನೆ. ಡಿಕ್ಕಿ ಬಾಗಿಲ ಒಳಗೆ ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ: "ಹಿಂದಿನ ಚಕ್ರಕ್ಕೆ ಉದ್ದ, ಸ್ಟೆಪ್ನಿಗೆ ಗಿಡ್ಡ." ರಾತ್ರಿ ಹೊತ್ತು ಶಿರಾ ದಾರಿಯಲ್ಲಿ ಪಂಕ್ಚರ್ ಆದಾಗ ಓದುವವನು ನಾನೇ ಆಗಿರಬೇಕು ಅಂತೇನಿಲ್ಲವಲ್ಲ.