ತಳಿ ಸಂರಕ್ಷಣೆಯ ಪಾಠ ಸಾಮಗ್ರಿ: ಇಂಟರ್ನ್‌ಶಿಪ್‌ನಲ್ಲಿ ನಾನು ಮಾಡಿದ ಬಗೆ

ಬೆಳೆಗಳ ತಳಿ ಸಂಪತ್ತನ್ನು ಉಳಿಸುವ ಬಗೆಯನ್ನು ಕೃಷಿ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಊರಿನ ಬೀಜ ಬ್ಯಾಂಕ್ ನಡೆಸುವವರಿಗೂ ಕಲಿಸುವ ಸಾಮಗ್ರಿ ತಯಾರಿಸುವುದು ಇಂಟರ್ನ್‌ಶಿಪ್‌ನಲ್ಲಿ ನನ್ನ ಕೆಲಸವಾಗಿತ್ತು. ಎ3 ಅಳತೆಯ ಚಾರ್ಟುಗಳು, ಮೊಬೈಲ್‌ನಲ್ಲಿ ನೋಡುವ ಚಿಕ್ಕ ವಿಡಿಯೊಗಳು, ಜೊತೆಗೆ ಕೈಯಾರೆ ಮಾಡಿ ನೋಡುವ ಒಂದು ಕಿಟ್. ಈ ವಿಷಯದ ಪೋಸ್ಟರುಗಳು ಸಾಮಾನ್ಯವಾಗಿ ‘ವೈವಿಧ್ಯ ಉಳಿಸಿ’ ಎಂಬ ಕರೆಗೇ ನಿಂತುಬಿಡುತ್ತವೆ. ಓದಿದವರಿಗೆ ಒಂದು ಬಾಟಲಿ ಬೀಜವನ್ನು ಸರಿಯಾಗಿ ಒಣಗಿಸಿ ಮುಚ್ಚಿಡಲು ಬರದಿದ್ದರೆ ಅದು ಪಾಠವಲ್ಲ. ಹಾಗಾಗಿ ಎಲ್ಲವನ್ನೂ ಮಾಡುವ ಕೆಲಸದ ಸುತ್ತಲೇ ಕಟ್ಟಿದೆ.

ಮಾದರಿಗೆ ಆಯ್ದುಕೊಂಡದ್ದು ರಾಗಿ. ಬೀಜ ಸಣ್ಣದು, 100 ಗ್ರಾಂ ಇದ್ದರೆ ಎಲ್ಲ ಪ್ರಯೋಗಕ್ಕೂ ಸಾಕು. ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ತಳಿ ಬೆರೆಯುವ ಭಯವೂ ಕಡಿಮೆ. ಮೇಲಾಗಿ ‘ಯಾಕೆ ಉಳಿಸಬೇಕು’ ಎಂಬ ಪ್ರಶ್ನೆಗೆ ನಮ್ಮ ಹೊಲದಲ್ಲೇ ಉತ್ತರವಿದೆ. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಸಿ. ಲಕ್ಷ್ಮಣಯ್ಯ ಅವರು ಇಲ್ಲಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಮುಂದೆ ಬಂದ ಜಿಪಿಯು-28 ಎಂಬ ತಳಿಯ ವಂಶದಲ್ಲಿ ಇಂಡಾಫ್-5, ಇಂಡಾಫ್-9 ಇವೆ, ತಳಿ ಸಂಗ್ರಹದಲ್ಲಿ ಉಳಿಸಿಟ್ಟಿದ್ದ ಐಇ 1012 ಕೂಡ ಇದೆ. ತೆನೆಯ ಕುತ್ತಿಗೆಗೆ ತಗಲುವ ಬೆಂಕಿ ರೋಗ ತಡೆಯುವ ತಳಿ ಎಂದು ರೈತರು ಜಿಪಿಯು-28 ಅನ್ನು ಬಲ್ಲರು. ಮೊದಲ ಚಾರ್ಟ್‌ನಲ್ಲಿ ಈ ವಂಶವೃಕ್ಷ ಬಿಟ್ಟು ಬೇರೇನೂ ಹಾಕಲಿಲ್ಲ.

ಹೆಚ್ಚು ಜಾಗ ಕೊಟ್ಟದ್ದು ಒಣಗಿಸುವುದಕ್ಕೆ. ತೇವಾಂಶ ಶೇ 14ರಿಂದ 5ರ ನಡುವೆ ಇರುವಾಗ, ಶೇ 1ರಷ್ಟು ಇಳಿದರೂ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ಇದು ಹ್ಯಾರಿಂಗ್ಟನ್ ನಿಯಮ. ಅದರ ಪ್ರಕಾರ ಶೇ 12ರ ಬೀಜವನ್ನು ಶೇ 8ಕ್ಕೆ ತಂದರೆ ಆಯುಸ್ಸು 16 ಪಟ್ಟು. ಈ ಲೆಕ್ಕವನ್ನು ದಪ್ಪಕ್ಷರದಲ್ಲಿ ಬರೆದೆ, ಯಾಕೆಂದರೆ ಫ್ರಿಜ್ ಇಲ್ಲದ ಊರಲ್ಲೂ ಆಗುವ ಕೆಲಸವಿದು.

ಕಿಟ್‌ನಲ್ಲಿ ಇಟ್ಟದ್ದು ರಬ್ಬರ್ ವಾಷರ್ ಇರುವ ಗಾಜಿನ ಬಾಟಲಿ, 100 ಗ್ರಾಂ ರಾಗಿ, ತೆಳು ಬಟ್ಟೆಯ ಚೀಲದಲ್ಲಿ ತೇವ ಹೀರುವ 100 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಬಾಟಲಿಯೊಳಗೆ ಹಿಡಿಸುವ ಪುಟ್ಟ ಆರ್ದ್ರತಾ ಮಾಪಕ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ವಿದ್ಯಾರ್ಥಿಗಳ ಕೈಗೆ ಹೋಗುವ ಕಿಟ್‌ಗೆ ಬೇಡ. ಮೊದಲು ಬೀಜವನ್ನು ಕೇರಿ, ನೆರಳಿನಲ್ಲಿ ಗಾಳಿಯಾಡುವಂತೆ ಹರವಿ ಒಣಗಿಸಬೇಕು. ಆಮೇಲೆ ಬೀಜದಷ್ಟೇ ತೂಕದ ಜೆಲ್ ಜೊತೆ ಬಾಟಲಿಯಲ್ಲಿ ಮುಚ್ಚಬೇಕು. ಬಹಳ ಮಂದಿ ಎಡವುವುದು ಮುಂದಿನ ಹಂತದಲ್ಲಿ: ಜೆಲ್ ಒಳಗಿರುವಾಗಲೇ ಮಾಪಕ ನೋಡುತ್ತಾರೆ. ಆಗ ಅದು ತೋರಿಸುವುದು ಜೆಲ್ ಒಣಗಿಸಿದ ಗಾಳಿಯನ್ನು, ಬೀಜದ ಸ್ಥಿತಿಯನ್ನಲ್ಲ. ಜೆಲ್ ಚೀಲ ಹೊರತೆಗೆದು, ಬೀಜ ಮತ್ತು ಮಾಪಕವನ್ನಷ್ಟೇ ಒಂದು ದಿನ ಮುಚ್ಚಿಟ್ಟು ಓದಬೇಕು. ಕೋಣೆಯ ಉಷ್ಣಾಂಶದಲ್ಲಿ ಮುಳ್ಳು ಶೇ 30ರ ಆಸುಪಾಸಿನಲ್ಲಿ ನಿಂತರೆ ಧಾನ್ಯದ ತೇವಾಂಶ ಸುಮಾರು ಶೇ 8–9 ಎಂದು ತಿಳಿಯಬಹುದು. ಏರಿದರೆ ಹೊಸ ಜೆಲ್ ಹಾಕಿ ಮತ್ತೆ ಒಣಗಿಸುವುದು. ತೇವ ಹೀರಿ ಬಣ್ಣ ಬದಲಾದ ಜೆಲ್ಲನ್ನು ಓವನ್‌ನಲ್ಲಿ 110–120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮತ್ತೆ ಬಳಸಬಹುದು. ಬಾಣಲೆಯಲ್ಲಿ ಜೋರು ಉರಿಗಿಟ್ಟರೆ ಕಪ್ಪಾಗಿ, ಬಣ್ಣ ನೋಡಿ ತಿಳಿಯುವ ಅನುಕೂಲವೇ ಹೋಗುತ್ತದೆ.

ಫ್ರಿಜ್‌ನಲ್ಲಿಟ್ಟ ಬಾಟಲಿಯನ್ನು ಹೊರತೆಗೆದ ಕೂಡಲೇ ತೆರೆದರೆ ತಣ್ಣಗಿನ ಬೀಜದ ಮೇಲೆ ನೀರು ಕಟ್ಟಿ ಒಣಗಿಸಿದ್ದೆಲ್ಲ ವ್ಯರ್ಥ. ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಮುಟ್ಟಬಾರದು. ಇದನ್ನು ಬಾಟಲಿಯ ಚೀಟಿಯ ಮೇಲೇ ಅಚ್ಚು ಹಾಕಿಸಿದೆ.

ಮೊಳಕೆ ಪರೀಕ್ಷೆಯ ವಿಡಿಯೊಗೆ 100ರಂತೆ ನಾಲ್ಕು ಗುಂಪು ಬೀಜಗಳನ್ನು ಒದ್ದೆ ಬ್ಲಾಟಿಂಗ್ ಪೇಪರ್ ಮೇಲೆ ಇಟ್ಟು, 4ನೇ ದಿನ ಮೊದಲ ಎಣಿಕೆ, 8ನೇ ದಿನ ಕೊನೆಯ ಎಣಿಕೆ ತೋರಿಸಿದೆ. ಕಾಗದವನ್ನು ಬೆರಳಿನಿಂದ ಒತ್ತಿದಾಗ ನೀರು ಸುತ್ತ ನಿಂತರೆ ಅದು ಹೆಚ್ಚಾಯಿತು. ಗಾಳಿ ಸಿಗದೆ ಬೀಜ ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಬೇರು ಮಾತ್ರ ಬಂದು ಚಿಗುರು ಬಾರದ ಸಸಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಒಳ್ಳೆಯ ಸಸಿ, ಕೆಟ್ಟ ಸಸಿ ಎರಡನ್ನೂ ಕಪ್ಪು ಬಟ್ಟೆಯ ಮೇಲಿಟ್ಟು ಕಿಟಕಿಯ ಪಕ್ಕದ ಬೆಳಕಿನಲ್ಲಿ ತೆಗೆದರೆ ಬಿಳಿ ಬೇರು ಸ್ಪಷ್ಟವಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಒದ್ದೆ ಕಾಗದವೇ ಹೊಳೆಯುತ್ತದೆ. ಬಾಟಲಿಯಲ್ಲಿ ಇಡುವಾಗ ಇದ್ದ ಮೊಳಕೆ ಪ್ರಮಾಣದೊಡನೆ ಹೋಲಿಸಿ ಅದರ ಶೇ 85ಕ್ಕಿಂತ ಕೆಳಗಿಳಿದರೆ ಬಿತ್ತಿ ಬೀಜ ಹೊಸದು ಮಾಡಿಕೊಳ್ಳಬೇಕು. ಹಾಗೆ ಬಿತ್ತಿದಾಗ ದಪ್ಪ ತೆನೆಗಳನ್ನಷ್ಟೇ ಆರಿಸುವ ಆಸೆಯಾಗುತ್ತದೆ. ಅದು ಬಿತ್ತನೆಗೆ ಒಳ್ಳೆಯದು, ಸಂರಕ್ಷಣೆಗೆ ಕೆಟ್ಟದ್ದು. ಎಲ್ಲ ಗಿಡಗಳಿಂದಲೂ ಸಮನಾಗಿ ಬೀಜ ತೆಗೆಯಬೇಕು, ಇಲ್ಲವಾದರೆ ತಳಿಯೊಳಗಿನ ವೈವಿಧ್ಯವೇ ಸೋರಿಹೋಗುತ್ತದೆ.

ಹಲಸು, ಮಾವಿನ ಬೀಜ ಒಣಗಿಸಿದರೆ ಸಾಯುತ್ತವೆ. ಅವನ್ನು ತೋಟದಲ್ಲೇ ಮರವಾಗಿ ಉಳಿಸಬೇಕು ಎಂಬುದಕ್ಕೆ ಒಂದು ಪ್ರತ್ಯೇಕ ಚಿತ್ರ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಡುವುದನ್ನೂ, 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಮ್ಮ ಬೀಜ ಉಳಿಸಿ, ವಿನಿಮಯ ಮಾಡಿ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕು ಕೊಡುವುದನ್ನೂ ಒಂದೇ ಚೌಕದಲ್ಲಿ ಹಾಕಿದೆ.

ಚೀಟಿಯ ಬಗ್ಗೆ ಪಟ್ಟು ಹಿಡಿದೆ. ತಳಿಯ ಹೆಸರು, ಊರು, ತಾಲ್ಲೂಕು, ಕೊಟ್ಟವರು, ಕೊಯ್ಲಿನ ತಿಂಗಳು, ಊರಿನವರು ಅದನ್ನು ಬಳಸುವ ಬಗೆ – ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದ ಒಂದು ಚೀಟಿ ಬಾಟಲಿಯೊಳಗೆ, ಇನ್ನೊಂದು ಹೊರಗೆ. ಶಾಯಿ ಮಾಸುತ್ತದೆ, ಸೀಸ ಉಳಿಯುತ್ತದೆ.

ಕೊನೆಯ ಕೆಲಸ ಅಚ್ಚಿನದು. ಯುನಿಕೋಡ್‌ನಲ್ಲಿ ಬರೆದದ್ದನ್ನು ಮುದ್ರಣಾಲಯ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿದಾಗ ಒತ್ತಕ್ಷರಗಳು ಒಡೆಯುತ್ತವೆ. ಮೊದಲು ಕೆಡುವುದು ‘ಆರ್ದ್ರತೆ’ಯಂಥ ಪದಗಳೇ, ಆಮೇಲೆ ಅಂಕಿಗಳ ನಡುವಿನ ಅಡ್ಡಗೆರೆ. 8–9 ಎಂಬುದು 89 ಆದರೆ ಇಡೀ ಚಾರ್ಟ್ ಕೆಟ್ಟಂತೆ. ಆದ್ದರಿಂದ ಪ್ರೂಫಿನ ಪ್ರತಿ ಅಂಕಿಯನ್ನೂ ಬೀಜ ಪರೀಕ್ಷಾ ಪ್ರಯೋಗಾಲಯದವರಿಂದ ಓದಿಸಿದ ಮೇಲಷ್ಟೇ ಮುದ್ರಣಕ್ಕೆ ಬಿಟ್ಟೆ.